ಹೆಚ್ಚು, ಕಡಿಮೆ, ಹಾಂಗೇ ಅದೆ

ಆ ಫಾರಮ್ಮಿನ ಕೊನೆಯ ಸಾಲಿನಲ್ಲಿ ಮೂರು ಚೌಕಗಳಿದ್ದವು. ಮೊದಲಿಗಿಂತ ಉತ್ತಮ, ಮೊದಲಿಗಿಂತ ಕಡಿಮೆ, ಮೊದಲಿನಂತೆಯೇ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇಷ್ಟು ವರ್ಷಗಳಾದ ಮೇಲೂ ಎಲ್ಲಾದರೂ ಅಂಥ ಚೌಕ ಕಂಡರೆ ನನ್ನ ಮೈ ಉರಿಯುತ್ತದೆ. ಬ್ಯಾಂಕಿನ ಗುಮಾಸ್ತನೊಬ್ಬ ಏನೋ ಕಾಗದ ಮುಂದಿಟ್ಟು ಇಲ್ಲಿ ಗುರುತು ಹಾಕಿ ಎಂದರೂ ಅವನ ಮೇಲೆ ಹರಿಹಾಯಬೇಕೆನ್ನಿಸುತ್ತದೆ. ಪಾಪ, ಅವನ ತಪ್ಪೇನೂ ಇರುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕುಮಟೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮುಂಬಯಿಯ ಧರ್ಮಾರ್ಥ ಮಂಡಳಿಯೊಂದು ನಾತಾಳದ, ಅಂದರೆ ಕ್ರಿಸ್ಮಸ್ಸಿನ, ರಜೆಯಲ್ಲಿ ಹೊನ್ನಾವರದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಸಲು ಹೊರಟಿತ್ತು. ಪೊರೆ ತೆಗೆಯಲು ಬರುವವರು ಬೆಲ್ಜಿಯಮ್ಮಿನ ದಾಕ್ಟರು. ಅವರಿಗೆ ಫ್ರೆಂಚ್ ಬಿಟ್ಟರೆ ಬೇರೆ ಭಾಷೆ ಬಾರದು. ಮಂಡಳಿಯ ವ್ಯವಸ್ಥಾಪಕರು ಹುಟ್ಟಿನಿಂದ ನಮ್ಮ ಕಡೆಯವರೇ, ಆದರೆ ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಊರನ್ನು ಎರಡು ದಿನಕ್ಕೆ ಬಂದ ಪ್ರವಾಸಿಯಂತೆ ನೋಡುತ್ತಿದ್ದರು. ಅವರು ಫ್ರೆಂಚ್ ಬಲ್ಲವರನ್ನು ಹುಡುಕುತ್ತ ನಮ್ಮ ಶಾಲೆಗೆ ಬಂದಾಗ ಹೆಡ್ಮಾಸ್ತರರು ನನ್ನತ್ತ ಕೈ ತೋರಿಸಿದರು. ಕಾಲೇಜಿನಲ್ಲಿ ನಾನು ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಂಡಿದ್ದೆ. ಅದರಲ್ಲಿ ಅಂಕ ಸುಲಭವಾಗಿ ಬೀಳುತ್ತವೆ ಎಂಬುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ವ್ಯವಸ್ಥಾಪಕರು ಇಂಗ್ಲಿಷಿನಲ್ಲಿ ಅಚ್ಚಾದ ಆ ಫಾರಮ್ಮನ್ನು ನನ್ನ ಮೇಜಿನ ಮೇಲಿಟ್ಟರು. ಮುಂಬಯಿಯ ರೂಢಿಯಂತೆ ಹೆಣ್ಣು ಮಾಸ್ತರರನ್ನು ಅವರು ಬಾಯಿ ಎಂದು ಕರೆಯುತ್ತಿದ್ದರು.

"ದೊಡ್ಡ ಶಬ್ದಗಳೆಲ್ಲ ದಾಕ್ಟರಿಗೆ ತಿಳೀತವೆ ಬಾಯಿ. ಈ ಸಣ್ಣ ಸಣ್ಣವು ಮಾತ್ರ ಫ್ರೆಂಚಿಗೆ ಮಾಡಿ ಕೊಡಿ. ಒಂದು ತಾಸಿನ ಕೆಲಸ."

ಒಂದು ತಾಸಿನ ಕೆಲಸವಂತೆ! ಕಣ್ಣಿನ ದೊಡ್ಡ ಶಬ್ದಗಳು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಅಣ್ಣತಮ್ಮಂದಿರ ಹಾಗಿರುತ್ತವೆ, ಮುಖ ನೋಡಿದರೆ ಗುರುತು ಸಿಗುತ್ತದೆ. ಸಣ್ಣವಕ್ಕೆ ಹಾಗಿಲ್ಲ. ಇನ್ನೂ, ಆಗಲೇ, ಆದರೆ, ಮಾತ್ರ, ವರೆಗೆ, ಇಲ್ಲದೆ, ಎರಡೂ, ಮತ್ತೆ, ಹೆಚ್ಚು, ಕಡಿಮೆ, ಅಷ್ಟೇ. ನಾನೊಂದು ನೋಟುಬುಕ್ಕಿನಲ್ಲಿ ಮೂರು ಕಾಲಮ್ಮು ಎಳೆದೆ. ಎಡಕ್ಕೆ ಫಾರಮ್ಮಿನ ಇಂಗ್ಲಿಷು, ನಡುವೆ ದಾಕ್ಟರ ಫ್ರೆಂಚು, ಬಲಕ್ಕೆ ರೋಗಿಗಳಿಗೆ ನಾನು ಹೇಳಬೇಕಾದ ಕನ್ನಡ. ಇಂಗ್ಲಿಷು ಹೋಲಿಕೆಗೆ ಶಬ್ದದ ಹಿಂದೆ ಒಂದು ಬಾಲ ಅಂಟಿಸುತ್ತದೆ. ಫ್ರೆಂಚು ಶಬ್ದದ ಮುಂದೆ ಹೆಚ್ಚಿಗೆ 'ಪ್ಲೂ' ಎಂದೋ ಕಡಿಮೆಗೆ 'ಮ್ವೆಂ' ಎಂದೋ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತದೆ. ಒಳ್ಳೆಯದು, ಚೆನ್ನಾಗಿ ಎಂಬೆರಡಕ್ಕೆ ಮಾತ್ರ ಆ ಕಾವಲುಗಾರನೂ ಬೇಡ, ಅವುಗಳ ರೂಪವೇ ಬೇರೆ. ನಮ್ಮ ಕನ್ನಡವೋ, ಗುಣವಾಚಕದ ಮೈ ಮುಟ್ಟುವುದೇ ಇಲ್ಲ. ಯಾವುದಕ್ಕಿಂತ ಎಂದು ಮೊದಲು ಹೇಳು, ಆಮೇಲೆ ಉಳಿದದ್ದು ಎನ್ನುತ್ತದೆ. ಹೀಗಾಗಿ ಒಂದರ ಎದುರು ಒಂದು ಶಬ್ದ ಬರೆದರೆ ಸಾಲದು, ಪ್ರತಿಯೊಂದಕ್ಕೂ ಪೂರ್ತಿ ವಾಕ್ಯ ಬೇಕು. ಹನ್ನೊಂದು ಸಂಜೆ ಕೂತು ಬರೆದೆ. ಹಳೆಯ ಕಾಲೇಜು ನಿಘಂಟಿನ ಬೆನ್ನು ಕಿತ್ತುಹೋಯಿತು.

ವ್ಯವಸ್ಥಾಪಕರು ಬಂದು ನೋಡಿದರು. ಕೆಂಪು ಪೆನ್ಸಿಲ್ ತೆಗೆದು ನನ್ನ ವಾಕ್ಯಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದರು.

"ಒಂದು ಶಬ್ದಕ್ಕೆ ಒಂದು ಶಬ್ದ ಸಾಕು ಬಾಯಿ. ನೀವು ಪುರಾಣ ಬರೆದಿದ್ದೀರಿ."

ನೋಟುಬುಕ್ಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಎದುರು ಮಾತಾಡಬೇಕಿತ್ತು. ಆಗ ನನಗೆ ಇಪ್ಪತ್ತಾರು ವರ್ಷ, ನೌಕರಿ ಕಾಯಂ ಆಗಿರಲಿಲ್ಲ.

ಶಿಬಿರ ಶುರುವಾಯಿತು. ಶಾಲೆಯ ಬೆಂಚುಗಳನ್ನು ಎರಡೆರಡಾಗಿ ಜೋಡಿಸಿ ಚಾಪೆ ಹಾಸಿದ್ದರು. ಹೆಂಗಸರಿಗೆ ಒಂದು ಕೋಣೆ, ಗಂಡಸರಿಗೆ ಇನ್ನೊಂದು. ಹೆಂಗಸರ ಕೋಣೆಯಲ್ಲಿ ಇಪ್ಪತ್ತಮೂರು ಜನ. ಭಟ್ಕಳದಿಂದ ಬಂದವರು ಬಸ್ಸಿನಲ್ಲಿ ಹೊಳೆಯವರೆಗೆ ಬಂದು ಕುರುಡುಗಣ್ಣಿನಲ್ಲೇ ತಾರಿಯ ದೋಣಿ ಹತ್ತಿ ದಾಟಿದ್ದರು. ಉಳಿದವರು ಹಳದೀಪುರ, ಬಾಡ, ಸುತ್ತಲ ಹಳ್ಳಿಗಳವರು. ಪ್ರತಿಯೊಬ್ಬರಿಗೂ ಮೊದಲು ಒಂದು ಕಣ್ಣು ಮಾತ್ರ. ಅದು ಗುಣವಾದರೆ ಮುಂದಿನ ವರ್ಷ ಇನ್ನೊಂದು. ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಕಟ್ಟು ಕಟ್ಟಿ, ತಲೆ ಅಲುಗದಂತೆ ಆಚೆಈಚೆ ಮರಳಿನ ಚೀಲವಿಟ್ಟು ಮಲಗಿಸುತ್ತಿದ್ದರು. ಒಂದು ವಾರ ಅವರಿಗೆ ಗಂಜಿ ಕುಡಿಸಿದ್ದು, ಕೆಮ್ಮಬೇಡಿ, ಬಗ್ಗಬೇಡಿ ಎಂದು ಕನ್ನಡದಲ್ಲೂ ಕೊಂಕಣಿಯಲ್ಲೂ ಕೂಗಿದ್ದು ಎಲ್ಲ ನಾನೇ.

ಅವರಲ್ಲಿ ಹಳದೀಪುರದ ಒಬ್ಬ ಹೆಂಗಸು ನನಗೆ ಬೇಗ ಹತ್ತಿರವಾದಳು. ಐವತ್ತೈದರ ಆಸುಪಾಸು, ಒಣಗಿದ ಗಟ್ಟಿ ಮೈ, ಕಣ್ಣು ಕಟ್ಟಿದ್ದರೂ ಬಾಯಿ ಕಟ್ಟಿರಲಿಲ್ಲ. ಮಲಗಿದಲ್ಲೇ ಗದ್ದೆ ನಟ್ಟಿಯ ಹಾಡು ಗುನುಗುತ್ತಿದ್ದಳು. ಅವಳು ಯಾಕೆ ಬಂದಳೆಂಬುದನ್ನು ಮೊದಲ ದಿನವೇ ಹೇಳಿದ್ದಳು.

"ಹ್ವಾದ ವರ್ಷ ಕಳೆ ಕೀಳ್ತೆ ಅಂದ್ಕಂಡು ಒಂದು ಸಾಲು ಸಸಿನೇ ಕಿತ್ತು ಹಾಕ್ದೆ ಅಕ್ಕೋರೆ. ಅವತ್ತಿಂದ ಸೊಸೆ ನನ್ನ ಗದ್ದೆಗೆ ಇಳೂಕೆ ಬಿಡೂದಿಲ್ಲ. ದಂಡೆ ಮೇಲೆ ಕೂತ್ಕಳಿ ಅಂತಾಳೆ. ಕೂತ್ಕಂಡು ಎಂತ ಮಾಡೂದು?"

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುತ್ತಾರೆ. ಅವಳು ಅಕ್ಕೋರೆ ಎಂದು ಕರೆದರೆ ಸ್ವಂತ ಅಕ್ಕನನ್ನು ಕರೆದ ಹಾಗಿರುತ್ತಿತ್ತು.

ಎಂಟನೆಯ ದಿನ ಹೆಂಗಸರ ಕಟ್ಟು ಬಿಚ್ಚಿದರು. ಒಬ್ಬೊಬ್ಬರನ್ನೇ ಕೋಣೆಯ ನಡುವಿನ ಸ್ಟೂಲಿನ ಮೇಲೆ ಕೂರಿಸಿ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಏರಿಸಿ, ದಾಕ್ಟರು ಅದರೊಳಗೆ ದಪ್ಪ ಗಾಜುಗಳನ್ನು ಒಂದಾದ ಮೇಲೊಂದು ಸರಿಸುತ್ತಿದ್ದರು. ಮಂಡಳಿಯ ನಿಯಮ ಸ್ಪಷ್ಟವಿತ್ತು. ಗಾಜು ಹಾಕಿದಾಗ ಮೊದಲಿಗಿಂತ ಉತ್ತಮ ಎಂದವರಿಗೆ ಕನ್ನಡಕ, ಮುಂದಿನ ವರ್ಷದ ಪಟ್ಟಿಯಲ್ಲಿ ಇನ್ನೊಂದು ಕಣ್ಣು. ಮೊದಲಿನಂತೆಯೇ ಎಂದವರ ಕಣ್ಣಿನ ನರ ಸತ್ತಿದೆ ಎಂದು ಲೆಕ್ಕ. ಅವರನ್ನು ಮನೆಗೆ ಕಳಿಸುವುದು.

ದಾಕ್ಟರು ಫ್ರೆಂಚಿನಲ್ಲಿ ಕೇಳುವರು. ನಾನು ಇಡೀ ಕೋಣೆಗೆ ಕೇಳುವ ಹಾಗೆ, ತರಗತಿಯ ದನಿಯಲ್ಲಿ, ಕನ್ನಡದಲ್ಲಿ ಕೇಳುವೆ.

"ಈಗ ಮೊದಲಿಗಿಂತ ಚೊಲೋ ಕಾಣ್ತದಾ, ಕಡಿಮೆ ಕಾಣ್ತದಾ, ಹಾಂಗೇ ಅದೆಯಾ?"

"ಹಾಂಗೇ ಅದೆ," ಎಂದಳು ಮೊದಲನೆಯವಳು.

ಎರಡನೆಯವಳೂ ಹಾಂಗೇ ಅದೆ. ಮೂರನೆಯವಳೂ ಹಾಂಗೇ. ಭಟ್ಕಳದ ಹೆಂಗಸರು ಅವರ ಮಾತಿನಲ್ಲಿ ಅದನ್ನೇ ಅಂದರು. ನನ್ನ ಹಳದೀಪುರದವಳೂ ಅಂದಳು. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಹಾಂಗೇ. ನಾನು ಒಂದೊಂದಾಗಿ ಮೂರನೆಯ ಚೌಕಕ್ಕೆ ಶಾಯಿಯಲ್ಲಿ ಗುರುತು ಹಾಕುತ್ತ ಹೋದೆ. ಇದನ್ನು ಮರೆಮಾಚುವುದಿಲ್ಲ, ಆ ಗುರುತು ಹಾಕಿದ ಕೈ ನನ್ನದು.

ದಾಕ್ಟರು ಟಾರ್ಚು ಹಿಡಿದು ಕಣ್ಣೊಳಗೆ ನೋಡಿದರು, ಮತ್ತೆ ನೋಡಿದರು. ಆಮೇಲೆ ನನ್ನ ನೋಟುಬುಕ್ಕಿನ ಮೇಲೆ ಬೆರಳಿಟ್ಟು, ಕಣ್ಣುಗಳೆಲ್ಲ ಚೆನ್ನಾಗಿವೆ, ಕೆಟ್ಟಿರುವುದು ಇದು ಎಂದರು. ಮುಖ ಕೆಂಪಾಗಿತ್ತು. ವ್ಯವಸ್ಥಾಪಕರಿಗೆ ಭಾಷೆ ತಿಳಿಯದಿದ್ದರೂ ಬೆರಳು ತಿಳಿಯಿತು.

"ನಿಮ್ಮ ಫ್ರೆಂಚು ಕೆಲಸಕ್ಕೆ ಬರ್ತಿಲ್ಲ ಅಂತ ಕಾಣ್ತದೆ ಬಾಯಿ. ಇಲ್ಲಾ ಅಂದ್ರೆ ಈ ಜನಕ್ಕೆ ಹೆಚ್ಚು ಕಡಿಮೆ ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲ."

ಹೆಚ್ಚು ಕಡಿಮೆ ಗೊತ್ತಿಲ್ಲದವರೇ? ಬುಟ್ಟಿಯಲ್ಲಿ ಹರಿವೆ ಸೊಪ್ಪು ಹೊತ್ತು ತಂದು, ಕಟ್ಟಿಗೆ ನಾಲ್ಕು ದಂಟು ಹೆಚ್ಚಾದರೆ ಕೈಯಲ್ಲೇ ತಿಳಿಯುವವರು. ಗದ್ದೆಯ ನೀರು ಎರಡು ಬೆರಳು ಇಳಿದರೆ ದಂಡೆಯಲ್ಲಿ ನಿಂತೇ ಹೇಳುವವರು. ಅವರ ಬಗ್ಗೆ ಈ ಮಾತನ್ನು ಆಡಿದ್ದು ಅವರ ಊರಲ್ಲೇ ಹುಟ್ಟಿದ ಮನುಷ್ಯ. ಆದರೂ ಒಳಗೊಳಗೆ ನನ್ನ ಮೇಲೇ ಸಂಶಯ ಬಂದು, ವರಾಂಡದಲ್ಲಿ ಕೂತು ನಿಘಂಟು ತೆಗೆದು ಒಂದೊಂದು ಶಬ್ದವನ್ನೂ ಮತ್ತೆ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ದಾಕ್ಟರು ಹಳದೀಪುರದವಳನ್ನು ಮತ್ತೊಮ್ಮೆ ಕೂರಿಸಿದರು. ಹತ್ತಿರದ್ದನ್ನು ನೋಡುವ ಇನ್ನೂ ದಪ್ಪ ಗಾಜು ಹಾಕಿದರು. ನಾನು ಕೇಳಿದೆ. ಹಾಂಗೇ ಅದೆ ಎಂದಳು. ದಾಕ್ಟರು ಬೇರೆ ಗಾಜು ಹುಡುಕಲು ಪೆಟ್ಟಿಗೆಯ ಕಡೆ ತಿರುಗಿದರು. ಅವಳು ಕೈ ಚಾಚಿ ನನ್ನ ಸೆರಗಿನಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದು ತೆಗೆದಳು.

"ಚಗಳಿ ಹತ್ತದೆ ಅಕ್ಕೋರೆ. ಕಚ್ಚಿದ್ರೆ ಉರೀತದೆ."

ಬೆರಳ ನಡುವೆ ಒಂದು ಕೆಂಪಿರುವೆ ಕಾಲು ಝಾಡಿಸುತ್ತಿತ್ತು. ನನ್ನ ಸೀರೆಯೂ ಅವತ್ತು ಕೆಂಪು.

ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಾನು ಮಾಡಿದ್ದು ಗೊತ್ತಾಗಿ ಮುಖ ತಗ್ಗಿಸಿದಳು. ಅವಳನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದೆ.

"ಕಾಣ್ತದಲ್ಲ ನಿಂಗೆ? ಮತ್ತೆ ಎಂತಕ್ಕೆ ಹಾಂಗೇ ಅದೆ ಅಂತೀ?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ಹೇಳೂಕಾಗ ಅಕ್ಕೋರೆ. ಗುಣ ಆತು ಅಂತ ನಾಕು ಜನ್ರ ಎದ್ರು ಬಾಯಿ ಬಿಟ್ರೆ, ಬಂದದ್ದು ತಿರುಗಿ ಹೋಗ್ತದೆ. ನಾ ಹರ್ಕೆ ಹೊತ್ತಿದ್ದೆ. ಹರ್ಕೆ ಒಪ್ಸಿ ಬಂದ್ ಮೇಲೆ ಹೇಳೂದು. ನಿಮ್ಗೆ ಗೊತ್ತಿಲ್ದಿದ್ದಾ?"

ನನಗೆ ಗೊತ್ತಿತ್ತು. ಅದೇ ನಾಚಿಕೆ. ನನಗೆ ಒಂಬತ್ತು ವರ್ಷವಾಗಿದ್ದಾಗ ವಿಷಮಶೀತಜ್ವರ ಬಂದಿತ್ತು. ಜ್ವರ ಬಿಟ್ಟು ನಾನು ಎದ್ದು ಕೂತು ಅನ್ನ ಉಣ್ಣುತ್ತಿರುವಾಗಲೇ ನೋಡಲು ಬಂದವರಿಗೆಲ್ಲ ನನ್ನ ತಾಯಿ, ಹಾಂಗೇ ಅದೆ, ಎಂತದೂ ಇಲ್ಲ ಎನ್ನುತ್ತಿದ್ದಳು. ದೇವರಿಗೆ ಕಾಯಿ ಒಡೆಸಿ ಬಂದ ಮೇಲೇ ಮಗಳು ಗುಣವಾದಳು ಎಂದು ಬಾಯಿಬಿಟ್ಟಿದ್ದು. ಇದನ್ನು ಉಂಡು ಬೆಳೆದ ನಾನು ಇಪ್ಪತ್ತಮೂರು ಹೆಂಗಸರ ನಡುವೆ ಒಬ್ಬೊಬ್ಬಳನ್ನೇ ಕೂರಿಸಿ, ನಿನ್ನ ಕಣ್ಣು ಗುಣವಾಯಿತೋ ಹೇಳು ಎಂದು ಕೂಗಿ ಕೇಳಿದ್ದೆ. ನನ್ನ ಮೂರೂ ಕಾಲಮ್ಮು ಸರಿಯಿದ್ದವು. ತಪ್ಪಿದ್ದು ಕೇಳುವುದರಲ್ಲೇ.

ಓಡಿ ಹೋಗಿ ವ್ಯವಸ್ಥಾಪಕರಿಗೆ ಹೇಳಿದೆ. ಅವರು ನಕ್ಕರು. ನಕ್ಕು, ವರಾಂಡಕ್ಕೆ ಹೋಗಿ ಹೆಂಗಸರಿಗೆಲ್ಲ ಕೇಳುವಂತೆ ಸಾರಿದರು.

"ಮೂಢನಂಬಿಕೆ ಬಿಡಿ. ಚೊಲೋ ಕಾಣ್ತದೆ ಅಂದವ್ರಿಗೆ ಮಾತ್ರ ಕನ್ನಡಕ. ಹಾಂಗೇ ಅದೆ ಅಂದವ್ರು ನಾಳೆ ಲಾರಿಯಲ್ಲಿ ಮನೆಗೆ."

ಪರಿಣಾಮ ಆಗಲೇ ಕಂಡಿತು. ಮರುಪರೀಕ್ಷೆಗೆ ಕರೆದ ಮುಂದಿನ ಹೆಂಗಸು ಸ್ಟೂಲಿನ ಮೇಲೆ ಕೂತವಳೇ ಪ್ರಶ್ನೆ ಕೇಳುವ ಮೊದಲೇ ಚೊಲೋ ಕಾಣ್ತದೆ ಎಂದಳು. ದುರ್ಬಲ ಗಾಜಿಗೂ ಚೊಲೋ, ಬಲವಾದದ್ದಕ್ಕೂ ಚೊಲೋ. ದಾಕ್ಟರಿಗೆ ಸಂಶಯ ಬಂತು. ಗಾಜು ತೆಗೆದು ಬರೀ ಖಾಲಿ ಚೌಕಟ್ಟನ್ನು ಏರಿಸಿ ನನಗೆ ಕೇಳಲು ಹೇಳಿದರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, ಭಾಳ ಚೊಲೋ ಕಾಣ್ತದೆ ದಾಕ್ಟ್ರೆ ಎಂದಳು. ಆಮೇಲಿನ ನಾಲ್ಕು ಜನರೂ ಖಾಲಿ ಚೌಕಟ್ಟಿಗೆ ಹಾಗೇ ಅಂದರು. ದಾಕ್ಟರು ಚೌಕಟ್ಟನ್ನು ಮೇಜಿನ ಮೇಲೆ ಬಿಸಾಡಿ ಹೊರಗೆ ಹೋದರು.

ಬೆಳಿಗ್ಗೆ ಅವರಿಗಿದ್ದದ್ದು ಒಂದೇ ಹೆದರಿಕೆ, ಅದೂ ಅವರದೇ. ಈಗ ವ್ಯವಸ್ಥಾಪಕರು ತಮ್ಮದೂ ಒಂದನ್ನು ಅದರ ಮೇಲೆ ಹೇರಿದ್ದರು. ಆ ಹೆಂಗಸಿನ ಕಣ್ಣೀರು ನೋಡಿ ನಾನು ಒಂದು ತೀರ್ಮಾನಕ್ಕೆ ಬಂದೆ. ಇನ್ನು ಮೇಲೆ ಯಾರನ್ನೂ ಹೆಚ್ಚೋ ಕಡಿಮೆಯೋ ಎಂದು ಕೇಳುವುದಿಲ್ಲ. ಹನ್ನೊಂದು ಸಂಜೆಯ ಕೆಲಸ ನೀರಿಗೆ ಹೋದರೆ ಹೋಗಲಿ.

ಶಿಬಿರದ ಅಡಿಗೆಮನೆಯಿಂದ ಒಂದು ಬಿದಿರಿನ ಗೆರಸೆಯಲ್ಲಿ ಆರಿಸದ ಅಕ್ಕಿ ತಂದೆ. ಅದರಲ್ಲಿ ಕಲ್ಲೂ ಇತ್ತು, ಭತ್ತದ ಕಾಳೂ ಇತ್ತು. ಹಳದೀಪುರದವಳನ್ನೇ ಮೊದಲು ಕೂರಿಸಿ ಗೆರಸೆಯನ್ನು ತೊಡೆಯ ಮೇಲಿಟ್ಟೆ.

"ಸುಮ್ಮನೆ ಕೂರೋ ಬದ್ಲು ಇದನ್ನ ಆರ್ಸಿ ಕೊಡು. ಸಂಜೆ ಗಂಜಿಗೆ ಬೇಕು."

"ಕೊಡಿ," ಎಂದಳು. ಗೆರಸೆ ಕಂಡ ಕೂಡಲೇ ಕೈ ತಾನೇ ಓಡಿತು. ನಾನು ಹೊರಗೆ ಹೋಗಿ ದಾಕ್ಟರನ್ನು ಕರೆದು ತಂದೆ. ಏನೂ ಕೇಳಬೇಡಿ, ಗಾಜು ಬದಲಿಸುತ್ತ ಹೋಗಿ, ಅವಳ ಬೆರಳು ನೋಡಿ ಎಂದೆ. ಮೊದಲ ಗಾಜಿಗೆ ಬೆರಳು ಅಕ್ಕಿಯ ಮೇಲೆ ತಡವರಿಸುತ್ತಿತ್ತು. ಎರಡನೆಯದಕ್ಕೆ ಕಲ್ಲು ಸಿಕ್ಕಿತು, ಭತ್ತ ತಪ್ಪಿತು. ಮೂರನೆಯದಕ್ಕೆ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಭತ್ತವನ್ನು ಹೆಕ್ಕಿ ಪಕ್ಕಕ್ಕೆ ಎಸೆಯತೊಡಗಿದಳು. ದಾಕ್ಟರು ಶಾಲೆಯ ಪುಟ್ಟ ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದರು. ನನ್ನ ಫ್ರೆಂಚಿನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದರು. ಮೂರು ಬಾರಿ ಕೇಳಿದರು, ನಾನು ಒಂದು ಸಲವೂ ಬೇಡ ಅನ್ನಲಿಲ್ಲ.

ದೂರದ ನೋಟಕ್ಕೆ ಕಿಟಕಿಯಾಚೆ ಒಂದು ತೆಂಗಿನ ಮರವಿತ್ತು. ಅದರಲ್ಲಿ ಕೊಯ್ಯಲು ಬಂದ ಗೊನೆ ಯಾವುದು ಎಂದಷ್ಟೇ ಕೇಳಿದೆ. ತಮ್ಮ ಕಣ್ಣಿನ ಸುದ್ದಿ ಹೇಳದವರು ತೆಂಗಿನ ಮರದ ಸುದ್ದಿ ಹೇಳದೆ ಬಿಡುತ್ತಾರೆಯೇ? ಬಲಗಡೆಯದು ಎಂದಳು ಬಾಡದವಳು. ಅದಿನ್ನೂ ಎಳೆಯದು, ಹಿಂದಿನದು ನೋಡು ಎಂದಳು ಕನ್ನಡಕ ಆಗಲೇ ಸಿಕ್ಕಿದ್ದ ಇನ್ನೊಬ್ಬಳು. ಸಂಜೆಯೊಳಗೆ ಹತ್ತೊಂಬತ್ತೂ ಜನರ ಗಾಜು ಗೊತ್ತಾಯಿತು. ಅಡಿಗೆಯವನಿಗೆ ಒಂದು ವಾರಕ್ಕಾಗುವಷ್ಟು ಅಕ್ಕಿ ಹಸನಾಯಿತು.

ಆಗ ವ್ಯವಸ್ಥಾಪಕರು ಫಾರಮ್ಮುಗಳ ಕಟ್ಟು ಹಿಡಿದು ಬಂದರು.

"ಇವರದ್ದೆಲ್ಲ ಮೊದಲಿನಂತೆಯೇ ಅಂತ ಶಾಯಿಯಲ್ಲಿ ಆಗಿದೆ ಬಾಯಿ. ಕನ್ನಡಕ ಕೊಡೂಕೆ ಬರೂದಿಲ್ಲ."

"ಅದು ತಪ್ಪು ಗುರುತು. ಹಾಕಿದವಳು ನಾನು, ಹೊಡೆದು ಹಾಕುವವಳೂ ನಾನೇ. ಕೊಡಿ ಇಲ್ಲಿ."

"ಹೊಡೆದು ತಿದ್ದಿದ ಫಾರಮ್ಮು ಮುಂಬಯಿಯಲ್ಲಿ ನಡೆಯೂದಿಲ್ಲ."

ನನ್ನ ವಾಕ್ಯಗಳ ಮೇಲೆ ಕೆಂಪು ಪೆನ್ಸಿಲ್ ಆಡಿಸುವಾಗ ಈ ಮನುಷ್ಯನಿಗೆ ತಿದ್ದುವುದು ತಪ್ಪೆನಿಸಿರಲಿಲ್ಲ. ಇದನ್ನು ಬಾಯಿಬಿಟ್ಟೇ ಹೇಳಿದೆ. ಕಾಯಂ ಆಗದ ನೌಕರಿ ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ನಡೆದದ್ದನ್ನೆಲ್ಲ ದಾಕ್ಟರಿಗೆ ಫ್ರೆಂಚಿನಲ್ಲಿ ಹೇಳಿದೆ. ಹೆಚ್ಚು, ಕಡಿಮೆ, ಆದರೆ, ಮಾತ್ರ, ವರೆಗೆ, ಎಲ್ಲ ಸಣ್ಣ ಶಬ್ದಗಳೂ ಕೆಲಸಕ್ಕೆ ಬಂದವು. ದಾಕ್ಟರು ಕೈ ತೊಳೆದು, ಒರೆಸಿಕೊಂಡು, ಹೆಂಗಸರಿಗೆ ಕನ್ನಡಕ ಸಿಗುವವರೆಗೆ ಗಂಡಸರ ಕಟ್ಟು ಬಿಚ್ಚುವುದಿಲ್ಲ ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಇದನ್ನು ಕನ್ನಡಕ್ಕೆ ತರುವಾಗ ನಾನು ಒಂದು ಶಬ್ದಕ್ಕೆ ಎರಡು ಶಬ್ದ ಬಳಸಿದೆ.

ಕನ್ನಡಕ ಸಿಕ್ಕಿತು. ಫಾರಮ್ಮು ಮಾತ್ರ ಬದಲಾಗಲಿಲ್ಲ. ಪ್ರತಿಯೊಂದರ ಕೆಳಗೆ ದಾಕ್ಟರು ಫ್ರೆಂಚಿನಲ್ಲಿ ಪೂರ್ತಿ ವಾಕ್ಯ ಬರೆದು ಸಹಿ ಮಾಡಿದರು. ಅದು ಸಾಕು ಎಂದುಕೊಂಡೆ. ಅಷ್ಟು ಭೋಳೆ ನಾನು.

ಮಳೆಗಾಲ ಕಳೆದ ಮೇಲೆ ಮಂಡಳಿಯ ಅಚ್ಚಾದ ವರದಿ ನಮ್ಮ ಶಾಲೆಗೆ ಬಂತು. ಹೊನ್ನಾವರದ ಹೆಂಗಸರಲ್ಲಿ ಬಹುಪಾಲು ಮೊದಲಿನಂತೆಯೇ, ಆದ್ದರಿಂದ ಮುಂದಿನ ಶಿಬಿರ ಬೇರೆ ಜಿಲ್ಲೆಯಲ್ಲಿ ಎಂದಿತ್ತು. ಮುಂಬಯಿಯಲ್ಲಿ ಚೌಕಗಳನ್ನು ಎಣಿಸಿದ್ದರು. ಕೆಳಗಿನ ಫ್ರೆಂಚನ್ನು ಯಾರೂ ಓದಿರಲಿಲ್ಲ. ಎರಡು ಪತ್ರ ಬರೆದೆ, ಹತ್ತೊಂಬತ್ತು ಜನರ ಇನ್ನೊಂದು ಕಣ್ಣು ಏನಾಗಬೇಕು ಎಂದು ಕೇಳಿದೆ. ದಾಖಲೆ ಅಂತಿಮ ಎಂದು ಒಂದು ಸಾಲಿನ ಉತ್ತರ ಬಂತು. ದಾಕ್ಟರು ಅಷ್ಟರಲ್ಲಿ ತಮ್ಮ ದೇಶಕ್ಕೆ ಮರಳಿದ್ದರು.

ಆ ವರ್ಷದ ನಾತಾಳದ ಹೊತ್ತಿಗೆ ನಾನು ಬಸ್ಸಿನಲ್ಲಿ ಹೊನ್ನಾವರಕ್ಕೆ ಹೊರಟಿದ್ದೆ. ಹಳದೀಪುರದಲ್ಲಿ ಬಸ್ಸು ನಿಂತಾಗ ಹರಿವೆಯ ಬುಟ್ಟಿ ಇಳಿಸಿಕೊಂಡು ನಿಂತಿದ್ದ ಹೆಂಗಸೊಬ್ಬಳು ದೂರದಿಂದಲೇ ನನ್ನ ಮುಖ ಕಂಡು ಕಿಟಕಿಯ ಹತ್ತಿರ ಓಡಿ ಬಂದಳು. ದಪ್ಪ ಕನ್ನಡಕ, ಬೀಳದಂತೆ ತಲೆಯ ಹಿಂದೆ ದಾರ ಕಟ್ಟಿದ್ದಳು. ಕಾಲಿನಲ್ಲಿ ಗದ್ದೆಯ ಕೆಸರು ಇನ್ನೂ ಒಣಗಿರಲಿಲ್ಲ. ಇನ್ನೊಂದು ಕಣ್ಣು ಹಾಲಿನ ಹಾಗೆ ಬೆಳ್ಳಗಿತ್ತು.

"ಅಕ್ಕೋರೆ, ಹರ್ಕೆ ಒಪ್ಸಿ ಆತು. ಈಗ ಹೇಳೂಕೆ ಅಡ್ಡಿಲ್ಲ."

ಬಸ್ಸಿನ ಜನರಿಗೆಲ್ಲ ಕೇಳುವ ಹಾಗೆ, ಶಿಬಿರದಲ್ಲಿ ನಾನು ಕೂಗಿದಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು.

"ಮೊದ್ಲಿಗಿಂತ ಭಾಳ ಚೊಲೋ ಕಾಣ್ತದೆ. ಬರ್ಕಣಿ ಅಕ್ಕೋರೆ. ದಾಕ್ಟ್ರು ಈ ವರ್ಷ ಬಂದಾಗ ತೋರ್ಸಿ, ಇನ್ನೊಂದೂ ಮಾಡ್ತ್ರು."

ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಬಂದಳು.

"ಬರ್ಕಂಡ್ರಿಯಾ?"

"ಬರ್ಕೊಂಡೆ," ಎಂದೆ.

ನನ್ನ ಕೈಯಲ್ಲಿ ಬಸ್ಸಿನ ಟಿಕೇಟು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಅವಳು ನೋಡಿದ್ದಳು ಎಂದೇ ನನ್ನ ನಂಬಿಕೆ. ಅಷ್ಟು ಚೊಲೋ ಕಾಣುತ್ತಿತ್ತು ಆ ಕಣ್ಣಿಗೆ.